ಹೋಳಿಗೆ ತಿಂದದ್ದಕ್ಕೆ ಮರುದಿನ ಉಪವಾಸ ಬೇಕೇ?

ಪ್ರಶ್ನೆ: ನನಗೆ 37 ವರ್ಷ, ಊರು ದಾವಣಗೆರೆ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಎತ್ತರ ಐದಡಿ ಎರಡಿಂಚು, ತೂಕ 68 ಕೆ.ಜಿ. ಅಪ್ಪನಿಗೆ ಶುಗರ್ ಇದೆ, ನನಗೂ ಬಂದೀತೆಂಬ ಭಯದಲ್ಲಿ ತೂಕ ಇಳಿಸಲು ಹೊರಟೆ. ಅನ್ನ ಬಿಟ್ಟೆ, ಬೆಳಗಿನ ತಿಂಡಿ ಬಿಟ್ಟೆ. ಮೊಬೈಲ್ ಆ್ಯಪ್ ಹೇಳಿದಂತೆ ದಿನಕ್ಕೆ 1,200 ಕ್ಯಾಲರಿ. ತಿಂದದ್ದನ್ನು ನೋಟ್‌ಬುಕ್ಕಿನ ಎಡಗಡೆ, ನಡೆದದ್ದನ್ನು ಬಲಗಡೆ ಬರೆಯುತ್ತೇನೆ. ‘ಗೃಹಪ್ರವೇಶ, ಹೋಳಿಗೆ ಎರಡು’ ಎಂದು ಎಡಕ್ಕೆ ಬಂದರೆ, ‘ನಾಳೆ ಊಟ ಇಲ್ಲ, 14,000 ಹೆಜ್ಜೆ’ ಎಂದು ಬಲಕ್ಕೆ ಬರುತ್ತದೆ. ಸಂಕಷ್ಟಿ, ಏಕಾದಶಿ ಮೊದಲಿನಿಂದಲೂ ಇತ್ತು, ಈಗ ಸೋಮವಾರ, ಶನಿವಾರವೂ ಸೇರಿವೆ. ಇಷ್ಟು ಮಾಡಿಯೂ ವಾರದಲ್ಲಿ ಎರಡು ಮೂರು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲೈಟ್ ಹಾಕದೆ ನಿಂತು, ಉಳಿದ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ತಿನ್ನುತ್ತೇನೆ. ಆಮೇಲೆ ಖಾರ ಮಂಡಕ್ಕಿ ಡಬ್ಬಿ ಖಾಲಿಯಾಗುವವರೆಗೂ ಕೈ ನಿಲ್ಲುವುದಿಲ್ಲ. ತಟ್ಟೆ ತೊಳೆದಿಟ್ಟು ಮಲಗುತ್ತೇನೆ, ಯಾರಿಗೂ ಗೊತ್ತಿಲ್ಲ. ಬೆಳಗ್ಗೆ ತೂಕ ನೋಡಿದರೆ ಒಂದೂವರೆ ಕೆ.ಜಿ. ಹೆಚ್ಚು. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ? ಮೊನ್ನೆ ಹನ್ನೊಂದು ವರ್ಷದ ಮಗಳು ‘ಒಂದೇ ಇಡ್ಲಿ ಸಾಕು, ದಪ್ಪ ಆಗ್ತೀನಿ’ ಅಂದಳು. ಮುಂದಿನ ತಿಂಗಳು ತಮ್ಮನ ಮದುವೆ, ಅಷ್ಟರೊಳಗೆ ಐದು ಕೆ.ಜಿ. ಇಳಿಸಲೇಬೇಕು.

ಉತ್ತರ: ನಿಮ್ಮ ಮನಸ್ಸು ಸಾಕಷ್ಟು ಗಟ್ಟಿಯಾಗಿಯೇ ಇದೆ. ಬೆಳಗ್ಗೆ ಏನೂ ತಿನ್ನದೆ, ಮಧ್ಯಾಹ್ನ ಎರಡು ಚಮಚ ಪಲ್ಯದಲ್ಲಿ ಮುಗಿಸಿ, ಸಂಜೆವರೆಗೆ ಲೆಕ್ಕ ತಪ್ಪದೆ ಬರೆಯುವವರಿಗೆ ಮನೋಬಲ ಸಾಲದು ಎಂದು ಯಾರು ಹೇಳಿದರು? ರಾತ್ರಿ ಹನ್ನೊಂದಕ್ಕೆ ಅಡುಗೆಮನೆಗೆ ನಿಮ್ಮನ್ನು ಕರೆತರುವುದು ಹಗಲೆಲ್ಲ ಕಟ್ಟಿಟ್ಟ ಹಸಿವು. ನಿಮ್ಮ ವಯಸ್ಸು, ಎತ್ತರ, ತೂಕ ಹಾಕಿ ನೋಡಿದರೆ, ದಿನವಿಡೀ ಹಾಸಿಗೆಯಿಂದ ಏಳದೆ ಮಲಗಿದ್ದರೂ ನಿಮ್ಮ ದೇಹಕ್ಕೆ ಸುಮಾರು 1,300 ಕ್ಯಾಲರಿ ಬೇಕು. ಉಸಿರಾಟಕ್ಕೆ, ಹೃದಯಕ್ಕೆ, ಮಿದುಳಿಗೆ, ಮೈ ಬೆಚ್ಚಗಿಡುವುದಕ್ಕೆ ಅಷ್ಟು ಖರ್ಚು. ಆ್ಯಪ್ ನಿಮಗೆ ಮಂಜೂರು ಮಾಡಿದ್ದು ಅದಕ್ಕಿಂತಲೂ ಕಡಿಮೆ. ಅದರ ಮೇಲೆ ವಾರಕ್ಕೆ ಎರಡು ಉಪವಾಸ, 14,000 ಹೆಜ್ಜೆ.

ಹೀಗೆ ಹೊಟ್ಟೆ ಕಟ್ಟಿದರೆ ಮನುಷ್ಯರಿಗೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿ ಎಂಬತ್ತು ವರ್ಷವಾಯಿತು. ಎರಡನೇ ಮಹಾಯುದ್ಧದ ಕೊನೆಯ ಹಂತ. ಯುರೋಪಿನಲ್ಲಿ ಹಸಿದವರಿಗೆ ಮತ್ತೆ ಊಟ ಹಚ್ಚಿಸುವುದು ಹೇಗೆಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. 1945ರಲ್ಲಿ ಅವರಿಗೆ 24 ವಾರ ದಿನಕ್ಕೆ ಸುಮಾರು 1,600 ಕ್ಯಾಲರಿ ಮಾತ್ರ ಕೊಟ್ಟರು, ಜೊತೆಗೆ ವಾರಕ್ಕೆ 35 ಕಿ.ಮೀ. ನಡಿಗೆ. ತೂಕ ಕಾಲುಭಾಗ ಇಳಿಯಿತು. ನಿಮಗೆ ಬೇಕಾದ ಸಂಗತಿ ಅದಲ್ಲ. ಅದುವರೆಗೆ ಅಡುಗೆಮನೆಯ ಕಡೆ ತಲೆ ಹಾಕದಿದ್ದ ಆ ಹುಡುಗರು ಅಡುಗೆ ಪುಸ್ತಕ ಓದತೊಡಗಿದರು, ಕನಸಿನಲ್ಲೂ ಊಟ ಕಂಡರು, ತಟ್ಟೆಯಲ್ಲಿದ್ದ ತುಣುಕನ್ನು ಗಂಟೆಗಟ್ಟಲೆ ಎಳೆದೆಳೆದು ತಿಂದರು, ಮಂಕಾದರು, ಸಿಡುಕಿದರು. ಕಟ್ಟುಪಾಡು ತೆಗೆದ ಮೇಲೆ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ತಿಂದರೂ ‘ಸಾಕು’ ಅನ್ನಿಸಲಿಲ್ಲ. ಅವರಾರಿಗೂ ಮೊದಲು ಊಟದ ತಂಟೆ ಇರಲಿಲ್ಲ. ತಂಟೆ ಹುಟ್ಟಿದ್ದೇ ಹಸಿವಿನಿಂದ. ನಿಮಗೆ ಸಿಗುತ್ತಿರುವುದು ಅವರಿಗೆ ಕೊಟ್ಟಿದ್ದಕ್ಕಿಂತ 400 ಕ್ಯಾಲರಿ ಕಡಿಮೆ. ಅವರು ಗಂಡಸರು, ಅಗತ್ಯ ಹೆಚ್ಚು ಎಂಬುದು ನಿಜ, ಆದರೂ ದೇಹದ ಉತ್ತರ ಒಂದೇ.

‘ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಎಂದು ಯಾರಾದರೂ ಈಗ ಗಾದೆ ತೆಗೆಯುತ್ತಾರೆ. ಯೋಗಿಗೆ ಆಫೀಸಿನ ಬಸ್ಸಿಲ್ಲ, ಮಗಳ ಹೋಂವರ್ಕ್ ಇಲ್ಲ, ರಾತ್ರಿ ಏಳಕ್ಕೆ ಮನೆಗೆ ಬಂದು ನಾಲ್ಕು ಜನಕ್ಕೆ ರೊಟ್ಟಿ ಬಡಿಯುವ ಕೆಲಸವೂ ಇಲ್ಲ. ನಿಮಗೆ ಮೂರು ಹೊತ್ತಿನ ಊಟ, ಸಂಜೆ ಒಂದು ತಿಂಡಿ ಬೇಕೇ ಬೇಕು.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲೇ ಅಡಗಿದೆ. ರಾತ್ರಿ ಅನ್ನ ಉಪ್ಪಿನಕಾಯಿಗೆ ನಿಲ್ಲದೆ ಮಂಡಕ್ಕಿ ಡಬ್ಬಿಗೆ ಹೋಗುವುದು ಏಕೆ? ಮೊದಲ ತುತ್ತಿನಲ್ಲಿ ಹಸಿವಿರುತ್ತದೆ. ಎರಡನೆಯದರಿಂದಾಚೆಗೆ ‘ಹೇಗೂ ಇವತ್ತು ಕೆಟ್ಟುಹೋಯ್ತು, ನಾಳೆಯಿಂದ ನೋಡೋಣ’ ಎಂಬ ಮಾತು ಸೇರಿಕೊಳ್ಳುತ್ತದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟರು. ಎಂದಿನಂತೆ ತಿನ್ನುವವರು ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಮ್ ಕಡಿಮೆ ತಿಂದರು. ತೂಕದ ಚಿಂತೆಯಲ್ಲಿ ಬಾಯಿ ಕಟ್ಟುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು. ನಿಯಮ ಮುರಿದಾಗಿದೆ ಎಂದಮೇಲೆ ತಡೆಯುವವರು ಯಾರು? ನಿಯಮ ಎಷ್ಟು ಬಿಗಿಯೋ ಮುರಿಯುವುದೂ ಅಷ್ಟು ಸುಲಭ. ಅನ್ನವನ್ನು ‘ಬಿಟ್ಟ’ ನಿಮಗೆ ಒಂದು ತುತ್ತು ಅನ್ನವೂ ಅಪರಾಧ. ಮಧ್ಯಾಹ್ನ ಎಲ್ಲರೆದುರು ಒಂದು ಬಟ್ಟಲು ಅನ್ನ ಸಾರು ಉಂಡವರಿಗೆ ರಾತ್ರಿ ಕದ್ದು ತಿನ್ನುವ ಅನ್ನದಲ್ಲಿ ಅಷ್ಟೇನೂ ಸ್ವಾರಸ್ಯ ಉಳಿಯುವುದಿಲ್ಲ.

ಬೆಳಗಿನ ಒಂದೂವರೆ ಕೆ.ಜಿ.ಯ ವಿಷಯಕ್ಕೆ ಬರೋಣ. ನೀವು ಲೆಕ್ಕದವರು, ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಕೆ.ಜಿ. ಕೊಬ್ಬು ಮೈಗೆ ಹತ್ತಲು ಸುಮಾರು 7,700 ಕ್ಯಾಲರಿ ಹೆಚ್ಚುವರಿಯಾಗಿ ಒಳಗೆ ಹೋಗಬೇಕು. ತುಪ್ಪ ಸಮೇತ ಒಂದು ಹೋಳಿಗೆಗೆ 300 ಕ್ಯಾಲರಿ ಎಂದೇ ಹಿಡಿಯಿರಿ, ದಿನದ ಊಟದ ಮೇಲೆ 25 ಹೋಳಿಗೆ ದಾಟಿಸಬೇಕು. ನೀವು ತಿಂದದ್ದು ಎರಡು. ತಕ್ಕಡಿಯಲ್ಲಿ ಕಂಡದ್ದು ನೀರು. ಅನ್ನ, ರೊಟ್ಟಿ, ಬೆಲ್ಲದ ಪಿಷ್ಟ ಸಕ್ಕರೆಯನ್ನು ದೇಹವು ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಉಪ್ಪಿನಕಾಯಿ, ಖಾರ ಮಂಡಕ್ಕಿಯ ಉಪ್ಪು ಇನ್ನಷ್ಟು ನೀರು ನಿಲ್ಲಿಸುತ್ತದೆ. ಮುಟ್ಟಿನ ಮುಂಚಿನ ವಾರವಾಗಿದ್ದರೆ ಮತ್ತಷ್ಟು. ಅನ್ನ ಬಿಟ್ಟ ಮೊದಲ ವಾರ ಸರ್ರನೆ ಎರಡು ಕೆ.ಜಿ. ಇಳಿದಿತ್ತಲ್ಲವೇ? ಅದರಲ್ಲೂ ಹೆಚ್ಚು ಪಾಲು ಇದೇ ನೀರು. ಇಳಿದಾಗ ನಿಮ್ಮ ಸಾಧನೆ ಅಂದುಕೊಂಡಿರಿ, ಏರಿದಾಗ ನಿಮ್ಮ ಪಾಪ ಅಂದುಕೊಂಡಿರಿ. ತೂಕದ ಯಂತ್ರವನ್ನು ಮೂರು ತಿಂಗಳು ಅಟ್ಟದ ಮೇಲಿಡಿ. ವೈದ್ಯರ ಬಳಿ ಹೋದಾಗ ಅವರು ನೋಡಿಕೊಳ್ಳಲಿ.

ಹಾಗಂತ ತೂಕದ ಚಿಂತೆಯೇ ಬೇಡ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದಿಲ್ಲ. ನಿಮ್ಮ ಎತ್ತರಕ್ಕೆ 68 ಕೆ.ಜಿ. ಎಂದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಅಂಕಿ, 27ರ ಮೇಲೆ. ಭಾರತೀಯರಿಗೆ ಹಾಕಿರುವ ಗೆರೆ 23. ಅದು 25 ದಾಟಿದರೆ ಬೊಜ್ಜು ಎನ್ನುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ನಿಮ್ಮ ಭಯಕ್ಕೆ ಆಧಾರವಿದೆ. ಅಳೆಯಲೇಬೇಕೆಂದರೆ ಟೇಪ್ ತೆಗೆದುಕೊಂಡು ಸೊಂಟದ ಸುತ್ತಳತೆ ತಿಂಗಳಿಗೊಮ್ಮೆ ನೋಡಿ. ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು, ಹೊಟ್ಟೆಯ ಸುತ್ತಲಿನ ಕೊಬ್ಬೇ ಸಕ್ಕರೆ ಕಾಯಿಲೆಗೆ ಹತ್ತಿರದ ನೆಂಟ.

ಆದರೆ ಆ ಕಾಯಿಲೆಯನ್ನು ತಡೆಯಲು ತೂಕ ಇಳಿದ ಮೇಲಷ್ಟೇ ದಾರಿ ಎಂಬ ನಿಮ್ಮ ನಂಬಿಕೆ ಸರಿಯಲ್ಲ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿ ಇದ್ದರು. ಎಂದಿನಂತೆ ಬಿಟ್ಟ ಗುಂಪಿನಲ್ಲಿ ಮೂರು ವರ್ಷದಲ್ಲಿ ಶೇ 55ರಷ್ಟು ಜನರಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ದಿನಾ ನಡೆದ ಗುಂಪಿನಲ್ಲಿ ಶೇ 39. ಆ ಗುಂಪಿನವರ ಸರಾಸರಿ ತೂಕ ಹೇಳಿಕೊಳ್ಳುವಂತೆ ಇಳಿದಿರಲೇ ಇಲ್ಲ! ನಡಿಗೆಯ ಲಾಭ ತಕ್ಕಡಿಗೆ ಕಾಣದ ಕಡೆ, ಸ್ನಾಯುಗಳಲ್ಲಿ, ಇನ್ಸುಲಿನ್ ಕೆಲಸ ಮಾಡುವ ರೀತಿಯಲ್ಲಿ ಜಮೆಯಾಗುತ್ತದೆ. ನನ್ನ ಬಳಿ ಬರುವವರಿಗೆ ನಾನು ಪದೇ ಪದೇ ಹೇಳುವುದು ಈ ಅಧ್ಯಯನದ ಕಥೆಯನ್ನೇ, ಏಕೆಂದರೆ ‘ಒಂದು ತಿಂಗಳು ನಡೆದೆ, ಒಂದು ಕೆ.ಜಿ.ಯೂ ಇಳಿಯಲಿಲ್ಲ’ ಎಂದು ನಡಿಗೆ ಬಿಟ್ಟವರೇ ಹೆಚ್ಚು.

ಹಾಗಾಗಿ ನೋಟ್‌ಬುಕ್ಕಿನ ಎಡಬಲಗಳ ನಡುವಿನ ನಂಟನ್ನು ಮೊದಲು ಕಡಿಯಬೇಕು. ತಿಂದದ್ದು ಸಾಲವಲ್ಲ, ನಡಿಗೆ ಅದರ ಕಂತೂ ಅಲ್ಲ. ಹಾಗೆಂದುಕೊಂಡರೂ ಲೆಕ್ಕ ಕೂಡುವುದಿಲ್ಲ, ನೋಡಿ: ನಿಮ್ಮ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ 250 ಕ್ಯಾಲರಿ ಆಸುಪಾಸು ಖರ್ಚು, ಅದರಲ್ಲೂ ಕಾಲು ಭಾಗದಷ್ಟು ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ಖರ್ಚೇ. ಒಂದು ಹೋಳಿಗೆಗೆ ಒಂದು ಗಂಟೆಯೂ ಸಾಲದು. ಈ ಆಟದಲ್ಲಿ ಗೆದ್ದವರಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಬೇರೆ: ಶಿಕ್ಷೆಯೆಂದು ಮಾಡಿದ ಕೆಲಸವನ್ನು ಯಾರೂ ಬಹಳ ದಿನ ಮಾಡುವುದಿಲ್ಲ. ಹೋಳಿಗೆ ತಿನ್ನದ ವಾರ ನೀವು ನಡೆಯಲು ಹೋಗಿದ್ದೀರಾ? ಪತ್ರದಲ್ಲಿ ಅಂಥ ಒಂದು ದಿನದ ಮಾತೂ ಇಲ್ಲ.

ಅಂದಹಾಗೆ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದನ್ನು ಯಾವ ವೈದ್ಯರೂ ಬರೆದುಕೊಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನವೊಂದರಲ್ಲಿ ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು, 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ ವಯಸ್ಸಿಗೆ ಇನ್ನಷ್ಟು ನಡೆದರೆ ತಪ್ಪೇನಿಲ್ಲ, ಆದರೆ 14,000ಕ್ಕೆ ನಿಂತು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಬಿರುಸಿನ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ಕುಂದವಾಡ ಕೆರೆ ಏರಿಯ ಮೇಲೆ ಒಬ್ಬ ಗೆಳತಿಯ ಜೊತೆ ಮಾತಾಡುತ್ತ ಅರ್ಧ ಗಂಟೆ ನಡೆದರೆ ಒಂದು ದಿನದ್ದು ಮುಗಿಯಿತು. ಫೋನ್ ಮನೆಯಲ್ಲಿರಲಿ. ಸ್ನಾಯುಗಳಿಗೆ ಜಿಮ್ಮೇ ಬೇಕೆಂದಿಲ್ಲ. ಗಟ್ಟಿ ಕುರ್ಚಿಯ ಮೇಲೆ ಕೂತು ಕೈ ಊರದೆ ಹತ್ತು ಸಲ ಏಳಿ, ಗೋಡೆಗೆ ಕೈ ಕೊಟ್ಟು ಹತ್ತು ಸಲ ತಳ್ಳಿ, ಸ್ವಲ್ಪ ಸುಧಾರಿಸಿಕೊಂಡು ಇನ್ನೆರಡು ಸುತ್ತು. ನಲವತ್ತರ ಹತ್ತಿರ ಬಂದಾಗ ಮಂಡಿಗೂ ಮೂಳೆಗೂ ಇದರಷ್ಟು ಉಪಕಾರ ಮಾಡುವುದು ಮತ್ತೊಂದಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ, ಒಂದು ಬಾಳೆಹಣ್ಣಾದರೂ ತಿಂದಿರಿ. ರಾತ್ರಿ ಊಟದ ನಂತರ ಹತ್ತು ನಿಮಿಷ ಓಣಿಯಲ್ಲಿ ಓಡಾಡಿದರೂ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ.

ಊಟದಲ್ಲಿ ನಾನು ಮೊದಲು ತಿದ್ದುವುದು ಸಂಜೆ ಐದರ ತಿಂಡಿಯನ್ನು. ನಿಮ್ಮ ರಾತ್ರಿಯ ಗಲಾಟೆಯ ಬೇರು ಅಲ್ಲಿದೆ. ಒಂದು ಬಟ್ಟಲು ಕಡಲೆಕಾಳಿನ ಉಸಲಿ, ಇಲ್ಲವೇ ಒಂದು ಹಿಡಿ ಹುರಿದ ಶೇಂಗಾ ಮತ್ತು ಪೇರಲಹಣ್ಣು, ಇಲ್ಲವೇ ಅದೇ ಮಂಡಕ್ಕಿಗೆ ಈರುಳ್ಳಿ, ಸೌತೆಕಾಯಿ, ಮೊಳಕೆ ಹೆಸರುಕಾಳು ಕಲಸಿ ಬಟ್ಟಲಿಗೆ ಹಾಕಿಕೊಂಡು ಕೂತು ತಿನ್ನಿ. ಡಬ್ಬಿಯಿಂದ ನೇರವಾಗಿ ಬೇಡ, ನಿಂತುಕೊಂಡು ಬೇಡ. ಬೆಳಗ್ಗೆ ಎರಡು ಮೂರು ಇಡ್ಲಿ ಸಾಂಬಾರ್ ಅಥವಾ ತರಕಾರಿ ಹಾಕಿದ ಉಪ್ಪಿಟ್ಟು, ಜೊತೆಗೆ ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇಲ್ಲದಿದ್ದರೆ ಒಂದು ಲೋಟ ಹಾಲು. ಮಧ್ಯಾಹ್ನ ಡಬ್ಬಿಯಲ್ಲಿ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಅನ್ನ, ಗಟ್ಟಿ ಬೇಳೆ, ಪಲ್ಯ, ಮೊಸರು. ತಟ್ಟೆಯಲ್ಲಿ ಅರ್ಧದಷ್ಟು ತರಕಾರಿ ಹಣ್ಣು ಇರಲಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಪಲ್ಯವನ್ನು ಉಪ್ಪಿನಕಾಯಿಯಂತೆ ಬಡಿಸುವುದರಿಂದ ಅಷ್ಟಕ್ಕೆ ಮುಟ್ಟುವುದು ಕಷ್ಟ, ಈಗಿನದರ ದುಪ್ಪಟ್ಟು ಮಾಡಿದರೂ ದೊಡ್ಡದು. ಬೇಳೆ, ಕಾಳು, ಮೊಸರು ಸಾಕಷ್ಟಿದ್ದರೆ ಹಸಿವು ತಡೆಯುತ್ತದೆ. ತೆಳ್ಳನೆಯ ತಿಳಿಸಾರನ್ನು ಬೇಳೆಯ ಲೆಕ್ಕಕ್ಕೆ ಸೇರಿಸಬೇಡಿ.

ಅನ್ನ ಬಿಟ್ಟು ಮುದ್ದೆ ಹಿಡಿದವರೂ ಬಹಳ ಮಂದಿ ನನ್ನನ್ನು ಕೇಳುತ್ತಾರೆ. ನೂರು ಗ್ರಾಂ ಅಕ್ಕಿಯಲ್ಲಿ 350ರ ಸುಮಾರು ಕ್ಯಾಲರಿ, ರಾಗಿಯಲ್ಲಿ 320ರ ಸುಮಾರು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನಾರು ಹೆಚ್ಚು, ಅದಕ್ಕಾಗಿ ಖಂಡಿತ ತಿನ್ನಿ. ತೂಕ ಇಳಿಸುವ ಮದ್ದೆಂದು ನಂಬಿ, ಬೇಡದ ಮುದ್ದೆಯನ್ನು ಕಣ್ಣು ಮುಚ್ಚಿ ನುಂಗುವುದು ಬೇಡ.

ಉಪವಾಸದ ವಿಷಯ ಸೂಕ್ಷ್ಮ. ಏಕಾದಶಿ, ಸಂಕಷ್ಟಿ ನಿಮ್ಮ ತಾಯಿಯ ಕಾಲದಿಂದ ಬಂದವು. ಅದಕ್ಕೊಂದು ಹೊತ್ತಿದೆ, ಪಾರಣೆಯಿದೆ, ಚಂದ್ರನನ್ನು ನೋಡಿದ ಮೇಲಿನ ಊಟವಿದೆ, ಯಾರೂ ಮರುದಿನ ತೂಕ ನೋಡುವುದಿಲ್ಲ. ಸೋಮವಾರ, ಶನಿವಾರ ಯಾರಿಗಾಗಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತೂಕ ನಾಳೆಯೇ 58 ಆದರೂ ಈ ವ್ರತ ಮುಂದುವರಿಸುತ್ತೀರಾ? ಇಲ್ಲ ಎಂದಾದರೆ ಅದು ದೇವರ ಹೆಸರಿನ ಡಯಟ್, ಇಂದೇ ನಿಲ್ಲಿಸಿ. ಮನೆಯವರು ಪ್ರಶ್ನೆ ಮಾಡಲಾಗದ ಕಾರಣಕ್ಕೇ ಇಂಥ ಉಪವಾಸಗಳು ಸದ್ದಿಲ್ಲದೆ ಹೆಚ್ಚುತ್ತವೆ. ರಾತ್ರಿ ಹೀಗೆ ಮುಗಿಬಿದ್ದು ತಿನ್ನುವುದು ನಿಲ್ಲುವವರೆಗೆ ಏಕಾದಶಿಯಂದೂ ಅವಲಕ್ಕಿ, ಹಾಲು, ಹಣ್ಣು ಹೊಟ್ಟೆ ತುಂಬ ತೆಗೆದುಕೊಳ್ಳಿ.

ಮಗಳ ಮಾತು ಕೇಳಿ ನಿಮಗೆ ಗಾಬರಿಯಾದದ್ದು ಒಳ್ಳೆಯದೇ. ಹನ್ನೊಂದರ ಹುಡುಗಿಯರು ಮೈನೆರೆಯುವ ಮುಂಚೆ ಸ್ವಲ್ಪ ತುಂಬಿಕೊಳ್ಳುತ್ತಾರೆ. ಎತ್ತರಕ್ಕೂ ಮುಟ್ಟಿಗೂ ಆ ಕೊಬ್ಬು ಬೇಕು. ಅವಳಿಗೆ ಉಪದೇಶ ಬೇಡ. ಅವಳೆದುರು ತೂಕ ನೋಡುವುದು, ‘ಅಯ್ಯೋ, ಇವತ್ತು ಜಾಸ್ತಿ ತಿಂದೆ’ ಎನ್ನುವುದು, ಅವಳ ಅಥವಾ ಬೇರೆ ಯಾರದೇ ಮೈಯ ಬಗ್ಗೆ ಟೀಕೆ ಮಾಡುವುದು, ಇವನ್ನು ನಿಲ್ಲಿಸಿ. ನೀವು ಅವಳ ಪಕ್ಕ ಕೂತು ಮೂರು ಇಡ್ಲಿ ತಿನ್ನಿ. ಅವಳು ಒಂದಕ್ಕೇ ಎದ್ದರೂ ಗಲಾಟೆ ಬೇಡ, ಮುಂದಿನ ಕೆಲವು ವಾರ ಗಮನಿಸಿ. ಊಟ ತಪ್ಪಿಸುವುದು ಹೆಚ್ಚಾದರೆ ಮಕ್ಕಳ ವೈದ್ಯರಿಗೆ ತೋರಿಸಿ.

ತಮ್ಮನ ಮದುವೆಗೆ ಐದು ಕೆ.ಜಿ. ಇಳಿಸುವ ಯೋಜನೆ ಕೈಬಿಡಿ. ತಿಂಗಳಲ್ಲಿ ಹಾಗೆ ಇಳಿದದ್ದರಲ್ಲಿ ನೀರು ಎಷ್ಟು, ಸ್ನಾಯು ಎಷ್ಟು ಎಂದು ಆಮೇಲೆ ಗೊತ್ತಾಗುತ್ತದೆ, ಮದುವೆಯ ಮರುವಾರವೇ ವಾಪಸ್ ಬರುತ್ತದೆ. ರವಿಕೆಯನ್ನು ಈಗಿನ ಅಳತೆಗೇ ಹೊಲಿಸಿ, ಒಳಗೆ ಒಂದಿಂಚು ಬಟ್ಟೆ ಬಿಡಲು ಟೈಲರ್‌ಗೆ ಹೇಳಿ. ಮದುವೆಯ ದಿನ ಬೆಳಗಿನ ತಿಂಡಿ ತಪ್ಪಿಸಬೇಡಿ. ಪಂಕ್ತಿಯಲ್ಲಿ ಕೂತಾಗ ಇಷ್ಟವಾದ ಹೋಳಿಗೆಯನ್ನು ತುಪ್ಪ ಹಾಕಿಸಿಕೊಂಡೇ ತಿನ್ನಿ, ಇಷ್ಟವಿಲ್ಲದ ಫೇಣಿಗೆ ‘ಬೇಡ’ ಎಂದು ಕೈ ಅಡ್ಡ ಹಿಡಿಯಿರಿ. ರಾತ್ರಿ ಹಸಿವಾದರೆ ಮಜ್ಜಿಗೆ ಅನ್ನ, ಮರುದಿನ ಎಂದಿನ ತಿಂಡಿ. ಛತ್ರದ ಬಾಗಿಲಲ್ಲೇ ‘ಏನೇ, ಇಷ್ಟು ದಪ್ಪಗಾಗಿದೀಯ’ ಎನ್ನುವ ದೊಡ್ಡಮ್ಮ ಪ್ರತಿ ಮದುವೆಯಲ್ಲೂ ಇರುತ್ತಾರೆ. ‘ಆರಾಮಾಗಿದೀನಿ ದೊಡ್ಡವ್ವ, ನಿಮ್ಮ ಮಂಡಿನೋವು ಹೆಂಗದೆ?’ ಎಂದು ಕೇಳಿ. ಮಂಡಿಯ ವಿಷಯ ಬಂದರೆ ಅರ್ಧ ಗಂಟೆ ನಿಮ್ಮ ಸುದ್ದಿ ಬರುವುದಿಲ್ಲ.

ಇಷ್ಟನ್ನು ನೀವೇ ಮಾಡಬಹುದು, ಆದರೆ ಒಬ್ಬರೇ ಮಾಡಬೇಕಿಲ್ಲ. ಕಡಿಮೆ ಹೊತ್ತಿನಲ್ಲಿ ವಿಪರೀತ ತಿನ್ನುವುದು, ಬೇಕೆಂದರೂ ನಿಲ್ಲಿಸಲಾಗದಿರುವುದು, ಗುಟ್ಟಾಗಿ ತಿಂದು ನಾಚಿಕೆಪಡುವುದು ವಾರಕ್ಕೊಮ್ಮೆಯಾದರೂ ಆಗಿ ಮೂರು ತಿಂಗಳು ಮುಂದುವರಿದಿದ್ದರೆ ಅದನ್ನು ಚಿಕಿತ್ಸೆಯಿರುವ ಕಾಯಿಲೆಯೆಂದೇ ವೈದ್ಯಶಾಸ್ತ್ರ ಗುರುತಿಸುತ್ತದೆ. ನಿಮಗೆ ವಾರಕ್ಕೆ ಎರಡು ಮೂರು ಸಲ ಆಗುತ್ತಿದೆ. ಇದರ ಜೊತೆ ಬೇಕೆಂದೇ ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು, ತಲೆಸುತ್ತಿ ಬೀಳುವುದು, ಮುಟ್ಟು ತಪ್ಪುವುದು, ಇವುಗಳಲ್ಲಿ ಪತ್ರದಲ್ಲಿ ಬರೆಯದೆ ಉಳಿಸಿದ್ದು ಒಂದಿದ್ದರೂ ಈ ವಾರವೇ ವೈದ್ಯರನ್ನು ಕಾಣಿ. ಇಲ್ಲದಿದ್ದರೂ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ. ಮಾತಾಡಲು ಸಂಕೋಚವಾದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರ ಎದುರು ಕೂತಾಗ ರಾತ್ರಿ ತಿನ್ನುವ ಸಂಗತಿಯನ್ನೇ ಮೊದಲು ಹೇಳಿ: ವಾರಕ್ಕೆ ಎಷ್ಟು ಸಲ, ಎಂದಿನಿಂದ. ‘ತೂಕ ಇಳಿಸಬೇಕು ಡಾಕ್ಟ್ರೇ’ ಎಂದು ಮಾತು ಶುರು ಮಾಡಬೇಡಿ, ಹಾಗೆ ಶುರು ಮಾಡಿದರೆ ಕೈಗೆ ಇನ್ನೊಂದು ಡಯಟ್ ಚಾರ್ಟ್ ಬರುತ್ತದೆ.